ಕಡಲ ಬಾಯಿಯ ಇಟ್ಟಿಗೆ ಕೋಟೆ 30 ತಾಸಿನಲ್ಲಿ ಬಿದ್ದದ್ದು ಹೇಗೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಅಂತರ್ಯುದ್ಧದ (1861–65; ಒಕ್ಕೂಟ ಬಿಟ್ಟು ಬೇರೆಯಾದ ದಕ್ಷಿಣದ ಗುಲಾಮಿ ರಾಜ್ಯಗಳಿಗೂ ಉತ್ತರದವರಿಗೂ ನಡೆದದ್ದು) ಕಡಲ ಕೋಟೆಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಒಳ್ಳೊಳ್ಳೆಯ ಪ್ರಶ್ನೆಗಳು ಬಂದಿವೆ. ಲೇಖನ ಓದದವರಿಗಾಗಿ ಅದರ ತಿರುಳು ಇಷ್ಟು: ಜಾರ್ಜಿಯಾ ರಾಜ್ಯದ ಸವಾನಾ ನದಿ ಅಟ್ಲಾಂಟಿಕ್ ಸಾಗರ ಸೇರುವಲ್ಲಿ ಕಾಕ್‌ಸ್ಪರ್ ಎಂಬ ಜವುಗು ದ್ವೀಪವಿದೆ. ಅದರ ಮೇಲೆ ಪುಲಾಸ್ಕಿ ಕೋಟೆ. ಯುದ್ಧ ಶುರುವಾಗುವ ಮೊದಲೇ, 1861ರ ಜನವರಿ 3ರಂದು, ಜಾರ್ಜಿಯಾದ ಗವರ್ನರ್ ತನ್ನ ರಾಜ್ಯದ ದಂಡು ಕಳಿಸಿ ಅದನ್ನು ವಶಪಡಿಸಿಕೊಂಡ. ಕಾವಲಿಗೆ ಇದ್ದವರು ಇಬ್ಬರೇ. ಮರುವರ್ಷ ಏಪ್ರಿಲ್ 10ರ ಬೆಳಗ್ಗೆ ಒಕ್ಕೂಟದ ಸೈನ್ಯ, ಅಂದರೆ ಉತ್ತರದವರು, ಎದುರಿನ ಟೈಬಿ ದ್ವೀಪದಿಂದ ತೋಪು ಹಾರಿಸತೊಡಗಿದರು. 11ರ ಮಧ್ಯಾಹ್ನ ಕೋಟೆ ಶರಣಾಯಿತು.

ನಾನು ಗೌಂಡಿ. ಕೆಸರಿನ ಮ್ಯಾಲೆ ಎರಡೂವರೆ ಕೋಟಿ ಇಟ್ಟಂಗಿಯ ಕೋಟೆ ಕಟ್ಟಿದ್ರು ಅಂತ ಬರದೀರಿ. ಪಾಯ ಹೆಂಗ ಹಾಕಿದ್ರು, ಕುಸೀಲಿಲ್ಲೇನು? – ಇಳಕಲ್

ಗಟ್ಟಿ ನೆಲ ಸಿಗುವ ತನಕ ಅಗೆಯುವುದು ಅಲ್ಲಿ ಸಾಧ್ಯವೇ ಇರಲಿಲ್ಲ. ಅಗೆದಷ್ಟೂ ನೀರು. ಹಾಗಾಗಿ ಉದ್ದುದ್ದ ಮರದ ದಿಮ್ಮಿಗಳನ್ನು ನೆಟ್ಟಗೆ ಕೆಸರಿಗೆ ಬಡಿದು ಇಳಿಸಿದರು. ಕೆಲವು 70 ಅಡಿಯವರೆಗೂ ಹೋಗಿವೆ. ಅವುಗಳ ತಲೆಯ ಮೇಲೆ ದಪ್ಪ ಹಲಗೆಗಳನ್ನು ಎರಡು ಪದರ ಹಾಸಿ, ಆ ಹಾಸಿನ ಮೇಲೆ ಇಟ್ಟಿಗೆ ಕೆಲಸ ಎಬ್ಬಿಸಿದರು. ಭಾರ ಒಂದೇ ಕಡೆ ಒತ್ತದೆ ಎಲ್ಲ ದಿಮ್ಮಿಗಳಿಗೂ ಹಂಚಿಹೋಗುತ್ತದೆ. ನೀರಿನಲ್ಲಿ ಮರ ಕೊಳೆಯುವುದಿಲ್ಲವೇ ಎಂದು ಕೇಳಬಹುದು. ಪೂರ್ತಿ ಮುಳುಗಿದ್ದರೆ ಕೊಳೆಯುವುದಿಲ್ಲ, ಏಕೆಂದರೆ ಮರ ತಿನ್ನುವ ಶಿಲೀಂಧ್ರಕ್ಕೆ ಗಾಳಿ ಬೇಕು. ಒಮ್ಮೆ ಒದ್ದೆ ಒಮ್ಮೆ ಒಣ ಆಗುವ ಜಾಗದಲ್ಲಿ ಮಾತ್ರ ದಿಮ್ಮಿ ಬೇಗ ಹಾಳಾಗುತ್ತದೆ. ಆದ್ದರಿಂದ ಮರದ ತಲೆ ಯಾವಾಗಲೂ ನೀರಿನ ಮಟ್ಟಕ್ಕಿಂತ ಕೆಳಗೇ ಇರಬೇಕು.

ಪಾಯಕ್ಕೂ ಮೊದಲಿನ ಕೆಲಸ ಒಡ್ಡಿನದು. ಭರತದ ನೀರು ದಿನಕ್ಕೆ ಎರಡು ಸಲ ದ್ವೀಪವನ್ನು ಮುಳುಗಿಸುತ್ತಿತ್ತು. 1829ರಲ್ಲಿ ಕಾಮಗಾರಿ ಶುರುವಾದಾಗ ಅಲ್ಲಿಗೆ ಬಂದ ತರುಣ ಎಂಜಿನಿಯರ್ ರಾಬರ್ಟ್ ಲೀ, ಮುಂದೆ ದಕ್ಷಿಣದ ಸೇನಾಪತಿಯಾದವನು. ಮಣ್ಣಿನ ಒಡ್ಡು ಮತ್ತು ನೀರು ಬಸಿಯುವ ಕಾಲುವೆಗಳ ಯೋಜನೆ ಅವನದು. 1831ರಿಂದ ಜೋಸೆಫ್ ಮ್ಯಾನ್ಸ್‌ಫೀಲ್ಡ್ ಉಸ್ತುವಾರಿ ವಹಿಸಿಕೊಂಡ. ಕೆಲಸ ಮುಗಿದದ್ದು 1847ರಲ್ಲಿ, ಅಂದರೆ 18 ವರ್ಷಕ್ಕೆ. ಬೇಸಿಗೆಯಲ್ಲಿ ಸೆಕೆ ಮತ್ತು ಮಲೇರಿಯಾದ ಕಾಟಕ್ಕೆ ಕೆಲಸ ನಿಲ್ಲುತ್ತಿತ್ತು.

ಇಟ್ಟಿಗೆಯಲ್ಲೂ ತರ ಇತ್ತು. ಗೋಡೆಯ ಮೈಗೆ ಸವಾನಾದ ಸುತ್ತಲಿನ ಬೂದು ಛಾಯೆಯ ಇಟ್ಟಿಗೆ. ಕಮಾನು, ತೋಪಿನ ಕಿಂಡಿಯ ಅಂಚು ಮುಂತಾದ ಒತ್ತಡದ ಜಾಗಗಳಿಗೆ ಬಾಲ್ಟಿಮೋರ್ ಮತ್ತು ಅಲೆಕ್ಸಾಂಡ್ರಿಯಾದಿಂದ ಹಡಗಿನಲ್ಲಿ ತರಿಸಿದ, ಹೆಚ್ಚು ಸುಟ್ಟ ಗಟ್ಟಿ ಕೆಂಪು ಇಟ್ಟಿಗೆ. ಹೊತ್ತವರು, ಅಗೆದವರು ಬಹುಪಾಲು ಗುಲಾಮರು. ಅವರ ದುಡಿಮೆಯ ಬಾಡಿಗೆ ತೋಟದ ಮಾಲೀಕರ ಕೈ ಸೇರುತ್ತಿತ್ತು. ಎರಡೂವರೆ ಕೋಟಿ ಇಟ್ಟಿಗೆ ಎಂದು ಬರೆಯುವಾಗ ಈ ಮಾತನ್ನು ಬಿಡಬಾರದು.

ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪು 55 ಟನ್ ತೂಗುತ್ತದೆ. ಪುಲಾಸ್ಕಿ ಕೋಟೆಗೆ ಹಾರಿಸಿದ ಪ್ಯಾರಟ್ ತೋಪು 2 ಟನ್ ಕೂಡ ಇಲ್ಲ. ಏಳೂವರೆ ಅಡಿ ದಪ್ಪದ ಗೋಡೆಯನ್ನು ಇಷ್ಟು ಸಣ್ಣ ತೋಪು ಒಂದೂವರೆ ಕಿಲೋಮೀಟರ್ ದೂರದಿಂದ ಒಡೆದದ್ದು ಹೇಗೆ? – ವಿಜಯಪುರ

ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. ಕೋಟೆ ಬಿದ್ದ ಕಾರಣ ಪೂರ್ತಿ ಇದರೊಳಗಿದೆ, ಹಾಗಾಗಿ ಉತ್ತರ ಉದ್ದವಾಗುತ್ತದೆ.

ಮಲಿಕ್-ಎ-ಮೈದಾನ್ 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿಯ ಅಗಲ ಸುಮಾರು 28 ಇಂಚು, ಒಳಮೈ ನುಣುಪು. ಇಂಥ ತೋಪಿನಲ್ಲಿ ಗುಂಡಿಗೂ ನಳಿಕೆಗೂ ನಡುವೆ ಸಂದು ಉಳಿಯುತ್ತದೆ. ಮದ್ದಿನ ಒತ್ತಡದಲ್ಲಿ ಒಂದು ಪಾಲು ಆ ಸಂದಿನಿಂದ ಸೋರಿಹೋಗುತ್ತದೆ. ಗುಂಡು ನಳಿಕೆಯೊಳಗೆ ಅತ್ತಿತ್ತ ತಾಕುತ್ತ ಹೊರಬೀಳುವುದರಿಂದ ಗುರಿ ನಿಲ್ಲುವುದಿಲ್ಲ. ದುಂಡು ಗುಂಡಿಗೆ ಗಾಳಿಯ ತಡೆಯೂ ಜಾಸ್ತಿ, ದೂರ ಹೋದಷ್ಟೂ ವೇಗ ಬಿದ್ದುಹೋಗುತ್ತದೆ. 1860ರವರೆಗೆ ಎಲ್ಲ ಸೈನ್ಯಗಳಲ್ಲೂ ಒಂದೇ ಲೆಕ್ಕ ಇತ್ತು: ಕೋಟೆಗೋಡೆ ಒಡೆಯಬೇಕೆಂದರೆ ತೋಪು 700–800 ಗಜದೊಳಗೆ ಬರಬೇಕು, 1,000 ಗಜ ದಾಟಿದರೆ ಗೋಡೆಗೆ ಭಯವಿಲ್ಲ. ಟೈಬಿ ದ್ವೀಪದ ಹತ್ತಿರದ ದಂಡೆಯೇ ಕೋಟೆಯಿಂದ ಒಂದು ಮೈಲಿಯ ಆಸುಪಾಸು ದೂರ. ಅಲ್ಲಿಂದ ಗೋಡೆ ಒಡೆಯಲಾಗದು ಎಂದು ಸ್ವತಃ ಲೀ ಕೋಟೆಯ ಮುಖ್ಯಸ್ಥ ಕರ್ನಲ್ ಚಾರ್ಲ್ಸ್ ಓಲ್ಮ್‌ಸ್ಟೆಡ್‌ಗೆ ಹೇಳಿದ್ದ. ಅದು ಉಡಾಫೆಯ ಮಾತಲ್ಲ. ಅಂದಿನ ಯಾವ ಎಂಜಿನಿಯರ್ ಆದರೂ ಅದನ್ನೇ ಹೇಳುತ್ತಿದ್ದ.

ಬದಲಾದದ್ದು ನಳಿಕೆಯ ಒಳಮೈ. ಪ್ಯಾರಟ್‌ನಂಥ ರೈಫಲ್ ತೋಪಿನ ಒಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಉದ್ದನೆಯದು, ಮುಂದೆ ಚೂಪು, ಹಿಂದೆ ಮೆದು ಲೋಹದ ಬಳೆ. ಮದ್ದು ಹೊತ್ತಿದಾಗ ಆ ಬಳೆ ಹಿಗ್ಗಿ ಗೀರಿಗೆ ಕಚ್ಚಿಕೊಳ್ಳುತ್ತದೆ. ಸಂದು ಮುಚ್ಚಿ ಒತ್ತಡ ಪೂರ್ತಿ ಗುಂಡಿಗೇ ಸಿಗುತ್ತದೆ. ಗುಂಡು ಬಗರಿಯ ಹಾಗೆ ತಿರುಗುತ್ತ ಹೋಗುವುದರಿಂದ ಮೂತಿ ಮುಂದಾಗಿಯೇ ಉಳಿಯುತ್ತದೆ.

ಇನ್ನು ತೂಕದ ಲೆಕ್ಕ ನೋಡಿ. ಏಳು ಇಂಚು ಬಾಯಿಯ ಹಳೆಯ ತೋಪು ದುಂಡಗಿನ 42 ಪೌಂಡ್ ಗುಂಡು ಹಾರಿಸುತ್ತಿತ್ತು. ಅದೇ ತೋಪಿಗೆ ಒಳಗೆ ಗೀರು ಕೊರೆದು ಚಾರ್ಲ್ಸ್ ಜೇಮ್ಸ್ ರೂಪಿಸಿದ ಉದ್ದ ಗುಂಡು ಹಾಕಿದಾಗ ಅದು 84 ಪೌಂಡ್ ಹಾರಿಸಿತು. ಬಾಯಿ ಅಷ್ಟೇ, ಭಾರ ದುಪ್ಪಟ್ಟು. ಇಟ್ಟಿಗೆಗೆ ತಾಗುವ ಮುಖ ಕಿರಿದು, ಹಿಂದಿನಿಂದ ನೂಕುವ ತೂಕ ಹಿರಿದು. ಮುತ್ತಿಗೆಯ ಉಸ್ತುವಾರಿ ಹೊತ್ತಿದ್ದ ಎಂಜಿನಿಯರ್ ಕ್ವಿನ್ಸಿ ಗಿಲ್‌ಮೋರ್ ಕೋಟೆ ಬಿದ್ದ ಮೇಲೆ ಗೋಡೆಯ ಗಾಯಗಳನ್ನು ಅಳತೆ ಮಾಡಿ ವರದಿ ಬರೆದ. 1,650 ಗಜದಿಂದ ಬಂದ 84 ಪೌಂಡಿನ ಜೇಮ್ಸ್ ಗುಂಡು ಇಟ್ಟಿಗೆಯೊಳಗೆ 26 ಇಂಚು ಇಳಿದಿತ್ತು. 1,670 ಗಜದಿಂದ ಬಂದ 30 ಪೌಂಡಿನ ಪ್ಯಾರಟ್ ಗುಂಡು 18 ಇಂಚು. 1,740 ಗಜದಿಂದ ಬಂದ ಹತ್ತು ಇಂಚಿನ ಕೊಲಂಬಿಯಾಡ್ ಎಂಬ ನುಣುಪು ತೋಪಿನ ಗುಂಡು 128 ಪೌಂಡ್ ತೂಗಿದರೂ ಇಳಿದದ್ದು 13 ಇಂಚು ಮಾತ್ರ. ಭಾರದಲ್ಲಿ ನಾಲ್ಕು ಪಟ್ಟು ಕಡಿಮೆ ಇರುವ ಪ್ಯಾರಟ್ ಗುಂಡು ಅದಕ್ಕಿಂತ ಆಳಕ್ಕೆ ಹೋಯಿತು.

ಹಾಗೆಂದು ದುಂಡು ಗುಂಡು ದಂಡವಾಗಲಿಲ್ಲ. ರೈಫಲ್ ಗುಂಡು ಆಳವಾಗಿ ಕೊರೆಯುತ್ತದೆ, ಒಳಗೆ ಸಿಡಿದು ಇಟ್ಟಿಗೆಯ ಬೆಸುಗೆ ಬಿಡಿಸುತ್ತದೆ. ಆದರೆ ಸಡಿಲಾದ ಇಟ್ಟಿಗೆ ಅಲ್ಲೇ ನಿಂತಿರುತ್ತದೆ. ಅದಕ್ಕೆ 128 ಪೌಂಡಿನ ಗುಂಡು ಬಂದು ಗುದ್ದಿದಾಗ ಆ ಭಾಗ ಒಟ್ಟಿಗೆ ಕೆಳಗಿಳಿಯುತ್ತದೆ. ಒಂದು ಕಡಿಯಿತು, ಇನ್ನೊಂದು ಕೆಡವಿತು. ಆಗ್ನೇಯ ಮೂಲೆಯನ್ನೇ ಆರಿಸಿಕೊಂಡದ್ದೂ ಲೆಕ್ಕಾಚಾರವೇ. ಅದು ಟೈಬಿಗೆ ಹತ್ತಿರ, ಜೊತೆಗೆ ಮೂಲೆಗೆ ಎರಡೂ ಬದಿಯಿಂದ ಆಸರೆ ಕಡಿಮೆ.

ನೀವು ಗಮನಿಸಬೇಕಾದ ಇನ್ನೊಂದು ಸಂಗತಿ: ಗೋಡೆಯ ಹಿಂದೆ ತೋಪಿನ ಕೋಣೆಗಳಿದ್ದವು. ಅವುಗಳ ಕಮಾನು ನಿಂತದ್ದು ಗೋಡೆಗೆ ಅಡ್ಡವಾಗಿ ಕಟ್ಟಿದ ಕಂಬಗೋಡೆಗಳ ಮೇಲೆ. ಹೊರಗೋಡೆ ಕಂಬದಿಂದ ಕಂಬಕ್ಕೆ ಕಟ್ಟಿದ ಪರದೆ. ಅದು ಉದುರಿದರೂ ಕಮಾನು ಬೀಳಲಿಲ್ಲ, ಆದರೆ ಕೋಣೆ ಬಯಲಾಯಿತು. ಆ ಬಯಲಾದ ಕೋಣೆಗಳ ಮೂಲಕ ಮುಂದಿನ ಗುಂಡುಗಳು ಕೋಟೆಯ ಅಂಗಳ ದಾಟಿ ಹೋಗತೊಡಗಿದವು.

ಹೊಸ ತೋಪಿಗೂ ಅದರದೇ ಕುತ್ತುಗಳಿದ್ದವು. ಗೀರುಗಳಲ್ಲಿ ಮದ್ದಿನ ಮಸಿ ಮತ್ತು ಸೀಸ ಕಟ್ಟಿಕೊಂಡರೆ ಬಳೆ ಕಚ್ಚುವುದಿಲ್ಲ. ಗುಂಡು ತಿರುಗದೆ ಪಲ್ಟಿ ಹೊಡೆಯುತ್ತ ನಡುವೆಯೇ ಬೀಳುತ್ತದೆ. ಹಾಗಾಗಿ ಗೀರಿನ ಅಳತೆಗೆ ಸರಿಯಾದ ಕೆರೆಯುವ ಸಲಕರಣೆ ಮಾಡಿಸಿ ನಳಿಕೆ ಉಜ್ಜಿಸುತ್ತಿದ್ದರು. ಇನ್ನೊಂದು ಕುತ್ತು, ಸಿಡಿಯುವುದು. ಪ್ಯಾರಟ್ ತೋಪು ಬೀಡು ಕಬ್ಬಿಣದ್ದು. ಹಿಂಭಾಗಕ್ಕೆ ಮಾತ್ರ ಬಡಿದ ಕಬ್ಬಿಣದ ಪಟ್ಟಿ ಬಿಗಿದಿರುತ್ತದೆ. ಸಣ್ಣ ಅಳತೆಯಲ್ಲಿ ಇದು ನಂಬಿಗಸ್ತ, ದೊಡ್ಡ ಅಳತೆಯಲ್ಲಿ ಅಪಾಯ. 1863ರ ಆಗಸ್ಟ್‌ನಲ್ಲಿ ಚಾರ್ಲ್ಸ್‌ಟನ್ ಊರಿನ ಮೇಲೆ ಹಾರಿಸಲು ಜವುಗಿನಲ್ಲಿ ಹೂಡಿದ್ದ ಎಂಟು ಇಂಚಿನ ಪ್ಯಾರಟ್ ತೋಪು 36ನೇ ಹೊಡೆತಕ್ಕೆ ಒಡೆದುಹೋಯಿತು.

17,000 ಪೌಂಡಿನ ತೋಪನ್ನು ಕೆಸರಿನಲ್ಲಿ ಸಾಗಿಸಿದರು ಎಂದಿದ್ದೀರಿ. ಎರೆ ಹೊಲದಲ್ಲಿ ಮಳೆ ಬಂದರೆ ನಮ್ಮ ಖಾಲಿ ಚಕ್ಕಡಿಯೇ ಹುಗಿಯುತ್ತದೆ. ಅವರು ಮಾಡಿದ ಉಪಾಯವೇನು? – ಬೈಲಹೊಂಗಲ

ಆ 17,000 ಪೌಂಡ್, ಅಂದರೆ ಸುಮಾರು 7.7 ಟನ್, 13 ಇಂಚಿನ ಮಾರ್ಟರ್‌ನದು. ಗುಂಡನ್ನು ಎತ್ತರಕ್ಕೆ ಚಿಮ್ಮಿಸಿ ಮೇಲಿನಿಂದ ಬೀಳಿಸುವ ಗಿಡ್ಡ ತೋಪು ಅದು. ಮೊದಲು ಹಡಗಿನಿಂದ ತೆಪ್ಪಕ್ಕೆ ಇಳಿಸಿ, ಭರತದಲ್ಲಿ ದಂಡೆಯ ಹತ್ತಿರ ತಂದು ಕೆಡವಿ, ಇಳಿತದಲ್ಲಿ ನೀರು ಹಿಂದೆ ಸರಿದಾಗ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಮುಂದೆ ಜವುಗು. ಅಲ್ಲಿ ಕುರುಚಲು ಕಡ್ಡಿಗಳನ್ನು ಹೊರೆ ಕಟ್ಟಿ ಹಾಸಿ, ಮೇಲೆ ಹಲಗೆ ಹಾಕಿ ದಾರಿ ಮಾಡಿದರು. ದೊಡ್ಡ ಗಾಲಿಯ ಬಂಡಿಯ ಅಚ್ಚಿನ ಕೆಳಗೆ ತೋಪನ್ನು ತೂಗುಹಾಕಿ 250 ಜನ ಹಗ್ಗ ಹಿಡಿಯುತ್ತಿದ್ದರು. ಗಾಲಿ ಹಲಗೆ ಬಿಟ್ಟು ಒಂದು ಗೇಣು ಸರಿದರೆ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಮತ್ತೆ ಸನ್ನೆಗೋಲು ಹಾಕಿ ಎತ್ತಬೇಕು.

ಕೊನೆಯ ಒಂದು ಮೈಲಿ ಕೋಟೆಯ ಕಣ್ಣಿಗೆ ನೇರ ಬೀಳುವಂಥದ್ದು. ಅಲ್ಲಿಯ ಕೆಲಸ ಪೂರ್ತಿ ರಾತ್ರಿ, ಪಿಸುಮಾತಿನಲ್ಲಿ, ಸೀಟಿಯ ಸನ್ನೆಯಲ್ಲಿ. ದಿಬ್ಬದ ಅಂಚನ್ನು ಒಂದೇ ರಾತ್ರಿ ಎತ್ತರಿಸದೆ ದಿನಕ್ಕಿಷ್ಟು ಎಂದು ಏರಿಸಿದರು. ಬೆಳಗ್ಗೆ ಎದ್ದು ನೋಡುವ ಕಾವಲುಗಾರನಿಗೆ ನಿನ್ನೆಗೂ ಇಂದಿಗೂ ವ್ಯತ್ಯಾಸ ಕಾಣಬಾರದು. ಫೆಬ್ರವರಿ ಕೊನೆಯ ವಾರದಿಂದ ಏಪ್ರಿಲ್ 9ರ ತನಕ ನಡೆದ ಈ ಕೆಲಸದಲ್ಲಿ 11 ಮೊರ್ಚೆಗಳಲ್ಲಿ 36 ತೋಪು, ಮಾರ್ಟರ್‌ಗಳು ಕುಳಿತವು. ಅಷ್ಟರಲ್ಲಿ ನದಿಯ ಮೇಲ್ಭಾಗದಲ್ಲೂ ತೋಪು ಹೂಡಿ, ಸವಾನಾದಿಂದ ಕೋಟೆಗೆ ದವಸ ಬರುವ ದಾರಿಯನ್ನು ಕಡಿದಿದ್ದರು.

ಇಷ್ಟು ಬೆವರು ಸುರಿಸಿ ತಂದ ಮಾರ್ಟರ್‌ಗಳಿಂದ ಪ್ರಯೋಜನ ಬಹಳ ಕಡಿಮೆ ಆಯಿತು. ಅವು ಹಾರಿಸಿದ ಗುಂಡುಗಳಲ್ಲಿ ಹತ್ತರಲ್ಲಿ ಒಂದೂ ಕೋಟೆಯೊಳಗೆ ಬೀಳಲಿಲ್ಲ. ಗೆಲುವು ತಂದದ್ದು ಸಾಗಿಸಲು ಸುಲಭವಾಗಿದ್ದ ರೈಫಲ್ ತೋಪುಗಳು.

ಕೋಟೆಯಲ್ಲಿ 385 ಜನ, 48 ತೋಪು ಇದ್ದವು. ಸತ್ತವರು ಬೆರಳೆಣಿಕೆಯಷ್ಟೂ ಇಲ್ಲ. ಹಾಗಿದ್ದೂ ಎರಡೇ ದಿನಕ್ಕೆ ಶರಣಾದದ್ದು ಹೇಡಿತನ ಅಲ್ಲವೆ? ನಮ್ಮ ಬೆಳಗಾವಿ ಕೋಟೆಯವರು 1818ರಲ್ಲಿ ಮೂರು ವಾರ ಕಾದಾಡಿದರಲ್ಲ. – ಬೆಳಗಾವಿ

ಬೆಳಗಾವಿಯ ಲೆಕ್ಕ ಸರಿ. ಥಾಮಸ್ ಮನ್ರೋ 1818ರ ಮಾರ್ಚ್ 21ರಂದು ಮುತ್ತಿಗೆ ಹಾಕಿದ, ಏಪ್ರಿಲ್ 10ರಂದು ಕೋಟೆ ಕೈಸೇರಿತು. ಆದರೆ ಮನ್ರೋನ ತೋಪುಗಳ ಒಳಮೈ ನುಣುಪು. 44 ವರ್ಷಗಳ ನಂತರದ ತೋಪು ಎದುರಿಸಿದವರನ್ನು ಅದಕ್ಕೆ ಹೋಲಿಸಿ ಹೇಡಿ ಎನ್ನುವುದು ನ್ಯಾಯವಲ್ಲ.

ಓಲ್ಮ್‌ಸ್ಟೆಡ್ ಆಗ 25ರ ಯುವಕ. ಸಿದ್ಧತೆಯಲ್ಲಿ ಅವನ ಕೊರತೆ ಕಾಣುವುದಿಲ್ಲ. ಒಳಾಂಗಣದ ಸುತ್ತ ದಪ್ಪ ತೊಲೆಗಳನ್ನು ಓರೆಯಾಗಿ ಒರಗಿಸಿ ಮಣ್ಣು ಮುಚ್ಚಿಸಿದ್ದ. ಅಂಗಳದಲ್ಲಿ ಬಿದ್ದ ಗುಂಡು ಉರುಳಾಡದಿರಲೆಂದು ಗುಂಡಿ ತೋಡಿಸಿದ್ದ. ಮೇಲಿನಿಂದ ಬೀಳುವ ಮಾರ್ಟರ್ ಗುಂಡಿಗೆ ಇದು ಸರಿಯಾದ ತಯಾರಿ, ಅದು ಫಲವನ್ನೂ ಕೊಟ್ಟಿತು. 10ರ ಬೆಳಗ್ಗೆ ಜನರಲ್ ಡೇವಿಡ್ ಹಂಟರ್ ಶರಣಾಗು ಎಂದು ಚೀಟಿ ಕಳಿಸಿದಾಗ, ನಾನು ಇಲ್ಲಿರುವುದು ಕೋಟೆ ಕಾಯಲು, ಒಪ್ಪಿಸಲು ಅಲ್ಲ ಎಂದು ಉತ್ತರ ಕೊಟ್ಟ. ಎಂಟು ಗಂಟೆ ದಾಟುತ್ತಲೇ ಮೊದಲ ಗುಂಡು ಬಂತು. ಸಂಜೆಯ ಹೊತ್ತಿಗೆ ಆಗ್ನೇಯ ಮೂಲೆ ಸವೆದು ಹೋಗಿತ್ತು. ಮರುದಿನ ಮಧ್ಯಾಹ್ನದೊಳಗೆ ಅಲ್ಲಿನ ಕೋಣೆಗಳು ಬಾಯಿ ತೆರೆದಿದ್ದವು.

ತೀರ್ಮಾನ ಮಾಡಿಸಿದ್ದು ಗೋಡೆಯ ಆ ಕಂಡಿಯಲ್ಲ, ಕಂಡಿಯಿಂದ ಆಚೆ ಏನಿತ್ತು ಎಂಬುದು. ಮದ್ದಿನ ಮನೆ ಇದ್ದದ್ದು ವಾಯವ್ಯ ಮೂಲೆಯಲ್ಲಿ, ಒಡೆದ ಆಗ್ನೇಯ ಮೂಲೆಗೆ ಸರಿಯಾಗಿ ಎದುರು. ಒಳಗೆ 40,000 ಪೌಂಡ್ ಮದ್ದು, ಅಂದರೆ 18 ಟನ್. ಕಂಡಿಯಿಂದ ನುಗ್ಗಿದ ಗುಂಡುಗಳು ಅಂಗಳ ದಾಟಿ ಅದರ ಗೋಡೆಗೆ ಬಡಿಯತೊಡಗಿದವು. ಒಂದು ಒಳಹೊಕ್ಕಿದ್ದರೆ 385 ಜನರಲ್ಲಿ ಉಳಿಯುವವರು ಯಾರು? ಹೊರಗಿನಿಂದ ನೆರವು ಬರುವ ದಾರಿ ಇರಲಿಲ್ಲ. 30 ತಾಸಿನಲ್ಲಿ 5,275 ಗುಂಡು ಬಿದ್ದ ಮೇಲೆ ಅವನು ಬಿಳಿ ಬಾವುಟ ಏರಿಸಿದ. ನಮ್ಮ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನ.

ತಪ್ಪು ಹುಡುಕಲೇಬೇಕೆಂದರೆ ಅದು ಹಿಂದಿನ ವರ್ಷದ್ದು. 1861ರ ನವೆಂಬರ್ 7ರಂದು ದಕ್ಷಿಣ ಕೆರೊಲಿನಾದ ಪೋರ್ಟ್ ರಾಯಲ್ ಉತ್ತರದವರ ಕೈಗೆ ಹೋದ ಮೇಲೆ ದಕ್ಷಿಣದವರು ಟೈಬಿ ದ್ವೀಪವನ್ನು ಖಾಲಿ ಮಾಡಿದರು. ಹಳೆಯ ಲೆಕ್ಕದ ಪ್ರಕಾರ ಅದರಿಂದ ಕೋಟೆಗೆ ಅಪಾಯ ಇರಲಿಲ್ಲ. ಆ ಲೆಕ್ಕವೇ ತಲೆಕೆಳಗಾಗುವ ಹೊತ್ತು ಅದಾಗಿತ್ತು.

ಆ ಯುದ್ಧ ಶುರುವಾದದ್ದೂ ಕಡಲ ಕೋಟೆಯಿಂದಲೇ ಎಂದು ಓದಿದ್ದೇನೆ. ನಿಜವೇ? – ವಿದ್ಯಾರ್ಥಿನಿ, ಅಥಣಿ

ನಿಜ. ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆ. 1861ರ ಏಪ್ರಿಲ್ 12ರ ನಸುಕಿನ 4:30ಕ್ಕೆ ದಕ್ಷಿಣದ ತೋಪುಗಳು ಹಾರಿದವು, 34 ತಾಸು ಗುಂಡಿನ ಮಳೆಯಾಯಿತು. ಒಳಗಿದ್ದ ಮೇಜರ್ ರಾಬರ್ಟ್ ಆ್ಯಂಡರ್ಸನ್ ಮತ್ತು ಹೊರಗಿನಿಂದ ಹೊಡೆಸುತ್ತಿದ್ದ ಬೋರೆಗಾರ್ಡ್ ಇಬ್ಬರೂ ಮೊದಲು ಒಂದೇ ಸೈನಿಕ ಶಾಲೆಯಲ್ಲಿ ಗುರು-ಶಿಷ್ಯರಾಗಿದ್ದವರು. ಕೋಟೆಯಲ್ಲಿ ಅನ್ನ ಮಾತ್ರವಲ್ಲ, ಮದ್ದು ತುಂಬುವ ಬಟ್ಟೆಚೀಲಗಳೂ ಮುಗಿಯುತ್ತ ಬಂದಿದ್ದವು. ಅಂಗಿ, ಕಂಬಳಿ ಹರಿದು ಹೊಸ ಚೀಲ ಹೊಲಿಯಬೇಕು, ಆದರೆ ಇದ್ದದ್ದು ಆರೇ ಸೂಜಿ. ಹಾಗಾಗಿ ಕೆಲವೇ ತೋಪುಗಳನ್ನು ಹಾರಿಸಲು ಸಾಧ್ಯವಾಯಿತು. ಕಾದ ಕೆಂಡದಂಥ ಗುಂಡು ಬಿದ್ದು ಸೈನಿಕರ ಮನೆಗಳಿಗೆ ಬೆಂಕಿ ಹತ್ತಿತು. ಈ ಕಾದಾಟದಲ್ಲಿ ಒಬ್ಬರೂ ಸಾಯಲಿಲ್ಲ. ಶರಣಾದ ಮೇಲೆ ಧ್ವಜವಂದನೆಯ ತೋಪು ಹಾರಿಸುವಾಗ ಮದ್ದು ಸಿಡಿದು ಡೇನಿಯಲ್ ಹಫ್ ಎಂಬ ಸಿಪಾಯಿ ಸತ್ತ.

ಸಮ್ಟರ್ ಕೂಡ ಇಟ್ಟಿಗೆ ಕೋಟೆ. 1863ರಲ್ಲಿ ಅದನ್ನು ಅದೇ ಗಿಲ್‌ಮೋರ್ ಪುಡಿ ಮಾಡಿದರೂ 1865ರ ತನಕ ದಕ್ಷಿಣದವರ ಕೈಯಲ್ಲೇ ಉಳಿಯಿತು. ಪುಲಾಸ್ಕಿಗೆ ಒಂದು ನ್ಯಾಯ, ಇದಕ್ಕೊಂದೇ? – ಬಾಗಲಕೋಟೆ

ಪುಡಿಯಾದದ್ದರಿಂದಲೇ ಉಳಿಯಿತು. 1863ರ ಆಗಸ್ಟ್ 17ರಿಂದ ಒಂದು ವಾರದ ಹೊಡೆತಕ್ಕೆ ಗೋಡೆಗಳು ಇಟ್ಟಿಗೆಯ ಗುಡ್ಡೆಯಾದವು, ತೋಪುಗಳು ನಿರುಪಯೋಗಿಯಾದವು. ದಕ್ಷಿಣದವರು ಆ ಗುಡ್ಡೆಯ ಮೇಲೆ ಉಸುಕು ಸುರಿದರು. ಹತ್ತಿಯ ಅಂಡಿಗೆ, ಮಣ್ಣು ತುಂಬಿದ ಬುಟ್ಟಿ ಪೇರಿಸಿದರು. ತೋಪಿನವರ ಜಾಗಕ್ಕೆ ಬಂದೂಕಿನವರನ್ನು ತಂದರು. ಸೆಪ್ಟೆಂಬರ್ 8ರ ರಾತ್ರಿ ದೋಣಿಗಳಲ್ಲಿ ಬಂದು ದಾಳಿ ಮಾಡಿದ ಉತ್ತರದ ನಾವಿಕರು ಸೋತು ಹಿಂದಿರುಗಿದರು.

ಕಾರಣ ಸರಳ. ಇಟ್ಟಿಗೆಗೆ ಬಾಗುವ ಗುಣವಿಲ್ಲ. ಒಂದು ಪೆಟ್ಟಿನ ಬಿರುಕು ಪಕ್ಕದ ಹತ್ತು ಇಟ್ಟಿಗೆಗೆ ಹರಡುತ್ತದೆ, ಬಿದ್ದ ಇಟ್ಟಿಗೆ ತಾನಾಗಿ ಮೇಲೆ ಹೋಗಿ ಕೂಡುವುದಿಲ್ಲ. ಉಸುಕಿಗೆ ಗುಂಡು ಬಡಿದರೆ ಕಣಗಳು ಒಂದಕ್ಕೊಂದು ಉಜ್ಜಿ ಪೆಟ್ಟನ್ನು ನುಂಗುತ್ತವೆ, ಆದ ಕುಳಿಗೆ ಸುತ್ತಲಿನ ಉಸುಕೇ ಜಾರಿ ಬಂದು ತುಂಬುತ್ತದೆ. ಉಳಿದದ್ದನ್ನು ರಾತ್ರಿ ಸಲಿಕೆಯಲ್ಲಿ ಸರಿಮಾಡಬಹುದು. ಜಾರ್ಜಿಯಾದ ಮಣ್ಣಿನ ಕೋಟೆ ಮೆಕ್‌ಆಲಿಸ್ಟರ್ ಮೇಲೆ 1863ರ ಮಾರ್ಚ್ 3ರಂದು ಉತ್ತರದವರ ಮೂರು ಕಬ್ಬಿಣದ ಹೊದಿಕೆಯ ಹಡಗುಗಳು ಹೊಡೆದವು. ಬೆಳಗಾಗುವುದರೊಳಗೆ ರಿಪೇರಿ ಮುಗಿದಿತ್ತು. ಉತ್ತರ ಕೆರೊಲಿನಾದ ಫಿಶರ್ ಕೋಟೆಯೂ ಉಸುಕಿನ ದಿಬ್ಬಗಳ ಸಾಲು. 1864ರ ಡಿಸೆಂಬರ್‌ನಲ್ಲಿ ಅದರ ಹತ್ತಿರ 215 ಟನ್ ಮದ್ದು ತುಂಬಿದ ಹಡಗನ್ನೇ ತಂದು ಸಿಡಿಸಿದರು, ಕೋಟೆಗೆ ಏನೂ ಆಗಲಿಲ್ಲ.

ನಮ್ಮ ದೇಶದಲ್ಲೂ ಇದರ ಅನುಭವ ಇತ್ತು. 1805ರಲ್ಲಿ ಭರತ್‌ಪುರದ ಮಣ್ಣಿನ ಕೋಟೆಯ ಮೇಲೆ ಬ್ರಿಟಿಷ್ ಸೇನಾಪತಿ ಲಾರ್ಡ್ ಲೇಕ್ ನಾಲ್ಕು ಸಲ ದಾಳಿ ಮಾಡಿ ನಾಲ್ಕು ಸಲವೂ ಸೋತ.

ಮಣ್ಣಿನ ಕೋಟೆಯ ಕೊರತೆ ಬೇರೆ. ಮಳೆ ಗಾಳಿಗೆ ಕರಗುತ್ತದೆ, ಹುಲ್ಲುಹೆಂಟೆ ಹೊದಿಸಿ ಸದಾ ನೋಡಿಕೊಳ್ಳಬೇಕು. ಒಳಗಿನ ಆಸರೆಯ ಮರ ಕೊಳೆಯುತ್ತದೆ. ಇಳಿಜಾರು ಇರುವುದರಿಂದ ಕಾಲಾಳು ಹತ್ತಬಲ್ಲ. ಮೆಕ್‌ಆಲಿಸ್ಟರ್ 1864ರ ಡಿಸೆಂಬರ್ 13ರಂದು, ಫಿಶರ್ 1865ರ ಜನವರಿ 15ರಂದು ಬಿದ್ದದ್ದು ತೋಪಿನಿಂದಲ್ಲ, ನೆಲದ ಕಡೆಯಿಂದ ಏರಿ ಬಂದ ಸೈನಿಕರಿಂದ.

ಅಮೆರಿಕದಾಗ ಲಡಾಯಿ ನಡದಾಗ ನಮ್ಮ ಕಡೆ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು ಅಂತ ಹಿರಿಯರು ಹೇಳ್ತಿದ್ರು. ಕೋಟೆಗೂ ಹತ್ತಿಗೂ ಏನು ಸಂಬಂಧ? – ಸವದತ್ತಿ

ನೇರ ಸಂಬಂಧ ಇದೆ. ಯುದ್ಧಕ್ಕೆ ಮೊದಲು ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಅಮೆರಿಕದ ದಕ್ಷಿಣ ರಾಜ್ಯಗಳದ್ದು. 1861ರ ಏಪ್ರಿಲ್ 19ರಂದು ಲಿಂಕನ್ ಆ ಕರಾವಳಿಗೆ ದಿಗ್ಬಂಧನ ಸಾರಿದ. ಸುಮಾರು 3,500 ಮೈಲಿ ಉದ್ದದ ಕರಾವಳಿಯನ್ನು ಹಡಗುಗಳಿಂದಲೇ ಮುಚ್ಚುವುದು ಆಗದ ಮಾತು. ಬಂದರಿನ ಬಾಯಿಯ ಕೋಟೆ ಹಿಡಿದರೆ ಅರ್ಧ ಕೆಲಸ ಮುಗಿದಂತೆ. ಪುಲಾಸ್ಕಿ ಬಿದ್ದ ದಿನದಿಂದ ಸವಾನಾ ನಗರ ದಕ್ಷಿಣದವರ ಕೈಯಲ್ಲೇ ಇದ್ದರೂ ಅದರ ಬಂದರು ಹತ್ತಿ ಹಡಗುಗಳಿಗೆ ಮುಚ್ಚಿಹೋಯಿತು. ಕೊನೆಗೆ ಉಳಿದ ಮುಖ್ಯ ದಾರಿ ವಿಲ್ಮಿಂಗ್ಟನ್, ಅದನ್ನು ಕಾಯುತ್ತಿದ್ದದ್ದೇ ಫಿಶರ್ ಕೋಟೆ.

ಲಿವರ್‌ಪೂಲ್ ಮಾರುಕಟ್ಟೆಯಲ್ಲಿ 1864ರ ಹೊತ್ತಿಗೆ ಅಮೆರಿಕನ್ ಹತ್ತಿಯ ಧಾರಣೆ ಯುದ್ಧಪೂರ್ವದ ಸುಮಾರು ನಾಲ್ಕು ಪಟ್ಟಾಗಿತ್ತು. ಖರೀದಿದಾರರ ಕಣ್ಣು ಮುಂಬೈ ಪ್ರಾಂತದ ಮೇಲೆ ಬಿತ್ತು. ನಮ್ಮ ಕಡೆ ಆಗ ಎರಡು ಬಗೆ ಇದ್ದವು. ಒಂದು ಜವಾರಿ ಹತ್ತಿ, ಕುಮಟಾ ಬಂದರಿನಿಂದ ಹೋಗುತ್ತಿದ್ದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಇನ್ನೊಂದು 1840ರ ದಶಕದಲ್ಲಿ ಅಮೆರಿಕದ ಬೀಜ ತಂದು ಧಾರವಾಡ ಸೀಮೆಯಲ್ಲಿ ನೆಲೆಯೂರಿಸಿದ ವಿಲಾಯತಿ ಹತ್ತಿ, ಧಾರವಾಡ-ಅಮೆರಿಕನ್. ಇದರ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿರುವುದರಿಂದ ಗರಗಸದ ಹಲ್ಲಿನ ಜಿನ್ ಬೇಕಾಗುತ್ತಿತ್ತು. ಹಲ್ಲು ಹಾಳಾಗಿದ್ದರೆ ಅಥವಾ ವಿಪರೀತ ವೇಗದಲ್ಲಿ ತಿರುಗಿಸಿದರೆ ಎಳೆ ತುಂಡಾಗಿ ದರ ಬೀಳುತ್ತಿತ್ತು. ಧಾರಣೆ ಏರಿದಾಗ ಬೀಜ, ಕಸ, ನೀರು ಬೆರೆಸಿ ತೂಕ ಏರಿಸುವವರೂ ಹೆಚ್ಚಿದರು. ಅದಕ್ಕೆಂದೇ ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆಯುವ ಕಾಯಿದೆ ತಂದಿತು. ಘಟ್ಟ ಇಳಿಸಿ ಹತ್ತಿ ಸಾಗಿಸಲು ಅನುಕೂಲವಾಗಲಿ ಎಂದು ಮ್ಯಾಂಚೆಸ್ಟರ್ ವ್ಯಾಪಾರಿಗಳು ಒತ್ತಡ ತಂದದ್ದರ ಫಲವಾಗಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿತು, ಕಾರವಾರ ಬಂದರಿನ ಕೆಲಸವೂ ಶುರುವಾಯಿತು.

1865ರಲ್ಲಿ ಯುದ್ಧ ನಿಂತಿತು, ಧಾರಣೆ ಕುಸಿಯಿತು, ಹತ್ತಿಯ ಹಣದಲ್ಲಿ ಉಬ್ಬಿದ್ದ ಮುಂಬೈ ಷೇರು ಪೇಟೆ ಮುರಿದುಬಿತ್ತು. ಏರಿದ ಧಾರಣೆಯನ್ನು ನಂಬಿ ಸಾಲ ಮಾಡಿದ ರೈತರಿಗೆ ಸಾಲ ಮಾತ್ರ ಉಳಿಯಿತು.

ಕೋಟೆ ಗೆದ್ದ ಮೇಲೆ ಅಲ್ಲಿದ್ದ ಗುಲಾಮರ ಗತಿ ಏನಾಯಿತು? – ಮುದ್ದೇಬಿಹಾಳ

ಶರಣಾದ ಎರಡನೇ ದಿನ, ಏಪ್ರಿಲ್ 13ರಂದು, ಕೋಟೆ ಮತ್ತು ಕಾಕ್‌ಸ್ಪರ್ ದ್ವೀಪದಲ್ಲಿದ್ದ ಗುಲಾಮರೆಲ್ಲ ಸ್ವತಂತ್ರರು ಎಂದು ಹಂಟರ್ ಆದೇಶ ಹೊರಡಿಸಿದ. ಮೇ 9ರಂದು ಅದನ್ನು ಜಾರ್ಜಿಯಾ, ಫ್ಲಾರಿಡಾ, ದಕ್ಷಿಣ ಕೆರೊಲಿನಾ ಮೂರಕ್ಕೂ ವಿಸ್ತರಿಸಿದ. ಸೇನಾಧಿಕಾರಿಗೆ ಆ ಅಧಿಕಾರ ಇಲ್ಲವೆಂದು ಹತ್ತೇ ದಿನದಲ್ಲಿ ಲಿಂಕನ್ ಮೇ ತಿಂಗಳ ಆದೇಶ ರದ್ದು ಮಾಡಿದ. ಅವನದೇ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು.

ಪುಲಾಸ್ಕಿಯ ಗೋಡೆಯಲ್ಲಿ ಗುಂಡಿನ ಗುರುತು ಈಗಲೂ ಕಾಣುತ್ತದೆಯೇ? ನಮ್ಮ ಕಡೆಯ ಕೋಟೆಗಳಲ್ಲಿ ತೂತು ಕಂಡರೆ ಅದು ತೋಪಿನ ಪೆಟ್ಟೋ ಅಲ್ಲವೋ ಎಂದು ತಿಳಿಯುವುದು ಹೇಗೆ? – ಬಾದಾಮಿ

ಚೆನ್ನಾಗಿ ಕಾಣುತ್ತದೆ. ಗೋಡೆಯೊಳಗೆ ಸಿಕ್ಕಿಕೊಂಡ ಗುಂಡುಗಳೂ ಇವೆ. ಒಡೆದ ಮೂಲೆಯನ್ನು ಉತ್ತರದ ಸೈನಿಕರೇ ಆರು ವಾರದಲ್ಲಿ ಕಟ್ಟಿದರು. ಅವರು ಬಳಸಿದ ಇಟ್ಟಿಗೆ ಕೆಂಪು, ಸುತ್ತಲಿನದು ಬೂದು ಛಾಯೆಯದು, ಹಾಗಾಗಿ ತೇಪೆ ದೂರದಿಂದಲೇ ಗೊತ್ತಾಗುತ್ತದೆ. 1924ರಿಂದ ಅದು ರಾಷ್ಟ್ರೀಯ ಸ್ಮಾರಕ.

ನಮ್ಮ ಕೋಟೆಗಳು ಹೆಚ್ಚಾಗಿ ಹೊರಮೈಗೆ ಕಟೆದ ಕಲ್ಲು, ನಡುವೆ ಕಲ್ಲುಚೂರು, ಮಣ್ಣು, ಗಚ್ಚು ತುಂಬಿದವು. ತೋಪಿನ ಪೆಟ್ಟು ಬಿದ್ದ ಕಲ್ಲಿನಲ್ಲಿ ತಟ್ಟೆಯಾಕಾರದ ಆಳವಿಲ್ಲದ ಕುಳಿ, ನಡುವಿನಿಂದ ಸುತ್ತ ಚದುರಿದ ಬಿರುಕು ಇರುತ್ತದೆ. ಒಂದೇ ದಿಕ್ಕಿಗೆ ಮುಖ ಮಾಡಿದ ಭಾಗದಲ್ಲಿ ಗುಂಪಾಗಿ ಸಿಗುತ್ತವೆ. ಒಂದೇ ಎತ್ತರದಲ್ಲಿ ಸಮ ಅಂತರಕ್ಕೆ ಚೌಕ ತೂತುಗಳಿದ್ದರೆ ಅವು ಕಟ್ಟುವಾಗ ಸಾರುವೆ ಮರ ಸಿಕ್ಕಿಸಿದ ಜಾಗ. ಕೆಳಗೆ ನೀರಿನ ಕಲೆ ಇದ್ದರೆ ನೀರು ಹೊರಹಾಕುವ ಕಂಡಿ. ಒಳಗಡೆ ಅಗಲ, ಹೊರಗಡೆ ಕಿರಿದು ಇದ್ದರೆ ಬಂದೂಕಿನ ಕಿಂಡಿ. ಆಲ, ಅರಳಿಯ ಬೇರು ಕಲ್ಲನ್ನು ಹೊರಕ್ಕೆ ತಳ್ಳುತ್ತದೆ, ತೋಪು ಒಳಕ್ಕೆ ತಳ್ಳುತ್ತದೆ. ಈ ಒಂದು ವ್ಯತ್ಯಾಸ ನೋಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಕಲ್ಲಿನ ಸಾಲು ತಪ್ಪಿದ, ಗಚ್ಚಿನ ಬಣ್ಣ ಬದಲಾದ ಜಾಗ ಕಂಡರೆ ಅದು ಯಾವುದೋ ಕಾಲದ ರಿಪೇರಿ. ಅಲ್ಲಿ ಹಿಂದೆ ಕಂಡಿ ಬಿದ್ದಿರಬಹುದು.

ನೋಡುವಾಗ ಗಚ್ಚು ಕೆರೆಯಬೇಡಿ. ಸಂರಕ್ಷಿತ ಸ್ಮಾರಕವಾದರೆ ಅದು ಅಪರಾಧವೂ ಹೌದು. ಊರಿನವರೇ ನೋಡಿಕೊಳ್ಳುವ ಹುಡೇದ ಸಂದಿಗೆ ಸಿಮೆಂಟ್ ತುಂಬಿಸುವ ಚಾಳಿಯನ್ನು ನಿಲ್ಲಿಸಬೇಕು. ಸಿಮೆಂಟ್ ನೀರನ್ನು ಹೊರಬಿಡುವುದಿಲ್ಲ, ಒಳಗೆ ಸಿಕ್ಕ ತೇವ ಮತ್ತು ಉಪ್ಪು ಕಲ್ಲಿನ ಮೈಯನ್ನೇ ಉದುರಿಸುತ್ತದೆ. ಚೆನ್ನಾಗಿ ಅರಳಿಸಿ ಕೊಳೆಹಾಕಿದ ಸುಣ್ಣ ಒಂದು ಪಾಲು, ತೊಳೆದ ಉಸುಕು ಎರಡೂವರೆಯಿಂದ ಮೂರು ಪಾಲು ಅರೆದು ತುಂಬಿ, ಒಂದು ವಾರ ತೇವದ ಗೋಣಿ ಹೊದಿಸಿ.